ಅರವತ್ತನೆಯ ಸುರಂಗ

೭ ಮೇ ೨೦೨೫, ಬುಧವಾರ

ಹವೆ: ಉರಿಬಿಸಿಲು. ಅಗೆತ: ಮುಕ್ಕಾಲು ಕೋಲು. ಒಟ್ಟು: ಹದಿನಾಲ್ಕು ಕೋಲು. ಸಿಬ್ಬಂದಿ: ಮೂವರು, ಎಲ್ಲರೂ ಕ್ಷೇಮ. ನೀರು: ಇಲ್ಲ.

ಬೆಳಿಗ್ಗೆ ಟಿ.ವಿ. ಹಾಕಿದರೆ ಯುದ್ಧ. ಕೈಯಲ್ಲಿದ್ದ ಚಹಾ ತಣ್ಣಗಾದದ್ದೇ ಗೊತ್ತಾಗಲಿಲ್ಲ. ನಾನು ಸೇನೆಯಿಂದ ನಿವೃತ್ತನಾಗಿ ಒಂಬತ್ತು ತಿಂಗಳಾಗಿದೆ. ಎರಡು ವರ್ಷದೊಳಗೆ ಕರೆ ಬಂದರೆ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕಾದವನು. ಇಪ್ಪತ್ತನಾಲ್ಕು ವರ್ಷ ಗಡಿಯುದ್ದಕ್ಕೂ ನೆಲದಡಿಯಲ್ಲಿ ಬಂಕರು, ಸುರಂಗ ತೋಡಿದ ಹವಾಲ್ದಾರ್ ಲೋಕನಾಥನಂಥವರು ದೇಶದಲ್ಲಿ ಬುಟ್ಟಿಗಟ್ಟಲೆ ಸಿಗುವುದಿಲ್ಲ. ಕರೆಯುತ್ತಾರೆ. ಕರೆಯದೆ ಏನು ಮಾಡುತ್ತಾರೆ?

ಟ್ರಂಕಿನಿಂದ ಬೂಟು ತೆಗೆದು ಪಾಲಿಶ್ ಹಾಕಿದೆ. ಹೆಂಡತಿ ಕಾಂತಿ ಬಾಗಿಲಲ್ಲಿ ನಿಂತು ನೋಡಿ, "ಹೋಗ್ಲಿಕ್ಕೆ ಉಂಟಾ?" ಎಂದು ಕೇಳಿದಳು. ಕರೆದರೆ ಹೋಗಬೇಕಲ್ಲ ಎಂದೆ. "ಕರೆಯುವವರೆಗೆ ಇಲ್ಲಿ ಸುರಂಗ ಅಗೆಯುವ. ಮೊಯಿದಿನಬ್ಬ ಕಾಕ ಬಂದು ಕೂತು ಅರ್ಧ ಗಂಟೆ ಆಯ್ತು," ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಯುದ್ಧದ ಗಾಂಭೀರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ.

ಕೆಲಸದ ವಿವರ ದಾಖಲಾಗಲಿ. ನಮ್ಮೂರು ಕನ್ಯಾನದ ಈ ಗುಡ್ಡದ ಮೇಲೆ ಮನೆ ಕಟ್ಟುವಾಗ ನಾನು ನೋಡಿದ್ದು ಎತ್ತರ ಮಾತ್ರ. ನಾಲ್ಕೂ ಕಡೆಗೆ ಕಣ್ಣು ಹಾಯುತ್ತದೆ, ಯಾರು ಬಂದರೂ ಮೊದಲೇ ಕಾಣುತ್ತದೆ. ಯಾರೂ ಬರಲಿಲ್ಲ, ನೀರೂ ಬರಲಿಲ್ಲ. ಎರಡು ಬೋರ್‌ವೆಲ್ ಕೊರೆಸಿದೆ, ಎರಡೂ ಧೂಳು ಕಾರಿದವು. ಆರು ವರ್ಷದಿಂದ ಕಾಂತಿ ಕೆಳಗಿನ ಮೊಯಿದಿನಬ್ಬ ಕಾಕನ ಮನೆಯಿಂದ ಕೊಡಪಾನದಲ್ಲಿ ನೀರು ಹೊತ್ತು ಗುಡ್ಡ ಹತ್ತುತ್ತಿದ್ದಾಳೆ. ಹಾಗಾಗಿ ಈ ವರ್ಷ ಏಪ್ರಿಲಿನ ಬಿಸು ಹಬ್ಬದ ಮರುದಿನ, ಊರಿನ ಹಳೆಯ ಕ್ರಮದಲ್ಲಿ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ತೋಡಲು ಶುರು ಮಾಡಿದೆವು. ಒಬ್ಬ ಆಳು ನಿಲ್ಲುವಷ್ಟು ಎತ್ತರ, ಎರಡು ಭುಜ ಹಿಡಿಸುವಷ್ಟು ಅಗಲ. ಒರತೆ ಸಿಗುವವರೆಗೆ ಒಳಗೆ ಹೋಗುವುದು. ಸಿಕ್ಕಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ.

ಮೇಸ್ತ್ರಿ ಕಾಕನೇ. ವಯಸ್ಸು ಎಪ್ಪತ್ತನಾಲ್ಕು, ತೋಡಿದ ಸುರಂಗ ಐವತ್ತೊಂಬತ್ತು, ಒಂದೂ ಒಣಗಿಲ್ಲ. ಅಡಿ, ಮೀಟರು ಅವರಿಗೆ ಆಗುವುದಿಲ್ಲ, ಎರಡೂವರೆ ಅಡಿಯ ಕೋಲೇ ಅವರ ಅಳತೆ. ಎದೆಯಲ್ಲಿ ಧೂಳು ಕೂತಿದೆ, ಸುರಂಗದೊಳಗೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಅವರು ಸುರಂಗದ ಬಾಯಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಅಗೆಯುವುದು, ಕಾಂತಿ ಮಣ್ಣು ಹೊರುವುದು. ಇದು ಅರವತ್ತನೆಯದು, ಇದಾದ ಮೇಲೆ ನಿಲ್ಲಿಸುತ್ತೇನೆ ಎಂದು ಕಾಕ ಪೇಟೆಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಆದರೆ ಮಳೆ ಹಿಡಿಯುವ ಮೊದಲು ನೀರು ಸಿಗಬೇಕು. ಮಳೆ ಬಿದ್ದ ಮೇಲೆ ಎಲ್ಲ ಗುಡ್ಡವೂ ಸೋರುತ್ತದೆ, ಆ ನೀರನ್ನು ಅವರು ನೀರೆಂದು ಒಪ್ಪುವುದಿಲ್ಲ.

ಸುರಂಗದೊಳಗೆ ರೇಂಜ್ ಇಲ್ಲ. ಫೋನನ್ನು ಗೇರು ಮರದ ಕೊಂಬೆಗೆ ಕಟ್ಟಿ ಕಾಂತಿಗೆ ಸಿಗ್ನಲ್ ಡ್ಯೂಟಿ ವಹಿಸಿದ್ದೇನೆ.

೮ ಮೇ, ಗುರುವಾರ

ಹವೆ: ಅದೇ. ಅಗೆತ: ಒಂದು ಕೋಲು. ನೀರು: ಇಲ್ಲ. ಕರೆ: ಇಲ್ಲ.

ಸಂಜೆ ಪೇಟೆಗೆ ಹೋದೆ. ನಿತ್ಯಾನಂದನ ಹೋಟೆಲಿನಲ್ಲಿ ಟಿ.ವಿ. ಎದುರು ಮೂವತ್ತು ಜನ. ನನ್ನನ್ನು ಕಂಡದ್ದೇ ಎಲ್ಲರೂ ತಿರುಗಿ ಕೂತರು. ಒಂಬತ್ತು ತಿಂಗಳಲ್ಲಿ ಮೊದಲ ಬಾರಿ ಊರಿಗೆ ನನ್ನ ಬೆಲೆ ಗೊತ್ತಾಯಿತು. ಮಿಲಿಟ್ರಿಯವರೇ, ಎಷ್ಟು ಜನರನ್ನು ಹೊಡೆದಿದ್ದೀರಿ ಎಂದು ಒಬ್ಬ ಕೇಳಿದ.

ನಾನು ಲಡಾಖಿನ ಕಥೆ ಹೇಳಿದೆ. ಎದುರು ದಿಬ್ಬದಲ್ಲಿ ಶತ್ರು ಬಂದು ಕೂತಿದ್ದ ಆ ಚಳಿಗಾಲ, ಮೈನಸ್ ಮೂವತ್ತು ಡಿಗ್ರಿಯಲ್ಲಿ, ಪಿಕ್ಕಾಸು ಹೊಡೆದರೆ ಕಿಡಿ ಹಾರುವ ನೆಲದಲ್ಲಿ ನಾವು ಹನ್ನೊಂದು ಜನ ನಲವತ್ತು ದಿನ ಅಗೆದೆವು. ನೆಲದಡಿಯ ಆ ಗೂಡಿನಲ್ಲಿ ನಮ್ಮ ಒಂದು ಇಡೀ ತುಕಡಿ ಚಳಿಗಾಲ ಕಳೆಯಿತು. ಒಬ್ಬನ ಒಂದು ಬೆರಳೂ ಹೋಗಲಿಲ್ಲ. ಹೇಳುತ್ತಾ ಹೇಳುತ್ತಾ ಎದ್ದು ನಿಂತು, ಪಿಕ್ಕಾಸು ಎತ್ತಿ ಹೊಡೆಯುವುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದೆ. ಕೇಳುವವರ ಮುಖ ಮಾತ್ರ ಸಪ್ಪೆ. ಹಾಗಾದರೆ ಗುಂಡು ಹೊಡೆಯಲೇ ಇಲ್ಲವಾ ಎಂದು ಅದೇ ಮನುಷ್ಯ ಕೇಳಿದ. "ಇಲ್ಲ, ಗುಂಡು ತಾಗದ ಹಾಗೆ ಮಾಡಿದೆ," ಎಂದೆ. ಅದೂ ಒಂದು ಕೆಲಸವೇ ಎಂದು ನಿತ್ಯಾನಂದ ನನ್ನ ಪ್ಲೇಟಿಗೆ ಇನ್ನೆರಡು ಗೋಳಿಬಜೆ ಹಾಕಿದ. ಅವನು ಅರ್ಥವಿರುವ ಮನುಷ್ಯ.

೧೦ ಮೇ, ಶನಿವಾರ

ಅಗೆತ: ಅರ್ಧ ಕೋಲು. ನೀರು: ಇಲ್ಲ.

ಸಂಜೆ ಗುಂಡು ನಿಂತಿತಂತೆ. ಒಳ್ಳೆಯದೇ ಆಯಿತು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎಂದೆ. ಮೂರನೆಯ ಸಲ ಹೇಳುವಾಗ ಕಾಂತಿ, ಒಂದು ಸಲ ಹೇಳಿದರೆ ಸಾಕು, ಕೇಳಿಸಿದೆ ಎಂದಳು.

ನಿಜವಾಗಿ ಒಳ್ಳೆಯದೇ. ಅಲ್ಲಿರುವ ಹುಡುಗರ ತಾಯಂದಿರು ಇವತ್ತು ಉಂಡಾರು. ಆದರೂ ಪಾಲಿಶ್ ಹಾಕಿದ ಬೂಟು ನೋಡಿ ನಾಚಿಕೆಯಾಯಿತು. ಸೇನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದರೆ ನನಗಾಗಿ ಕೆಲಸ ಕಾಯುತ್ತಿತ್ತು. ಮದುವೆಯಾದಾಗಿನಿಂದ ಈ ಸಂಸಾರ ನಾನಿಲ್ಲದೆ ಹದಿನೆಂಟು ವರ್ಷ ಚೆನ್ನಾಗಿ ನಡೆದಿದೆ, ಈಗಲೂ ನಡೆಯುತ್ತದೆ. ಇವತ್ತು ಮಜ್ಜಿಗೆಗೆ ಉಪ್ಪು ಬೇಕಾಗಿ ನಾಲ್ಕು ಡಬ್ಬ ತೆಗೆದು ನೋಡಿ, ಕೊನೆಗೆ ಸಪ್ಪೆಯನ್ನೇ ಕುಡಿದೆ. ಕೇಳಿದ್ದರೆ ಹೇಳುತ್ತಿದ್ದಳು. ಕೇಳಲು ಮನಸ್ಸಾಗಲಿಲ್ಲ.

ಕದನವಿರಾಮ ಎಂದರೆ ಮುರಿಯಬಾರದೆಂದೇನೂ ಇಲ್ಲ. ಫೋನು ಮರದಲ್ಲೇ ಇರಲಿ.

೧೧ ಮೇ, ಭಾನುವಾರ

ಅಗೆತ: ಮುಕ್ಕಾಲು ಕೋಲು. ನೀರು: ಇಲ್ಲ, ಆದರೆ ಮಣ್ಣು ತಂಪು.

ಮೂಡುಬಿದಿರೆಯ ಹಾಸ್ಟೆಲಿನಿಂದ ಮಗಳು ತೃಪ್ತಿ ಫೋನು ಮಾಡಿದಳು. ಗೇರು ಮರದಲ್ಲಿ ರಿಂಗ್ ಆದದ್ದು ಕೇಳಿ ನಾನು ಸುರಂಗದೊಳಗಿಂದ ಓಡಿದ ರಭಸಕ್ಕೆ ಕಾಂತಿಯ ಬುಟ್ಟಿ ಮಗುಚಿ ಬಿತ್ತು. ಯುದ್ಧದ ಬಗ್ಗೆ ಮಗಳು ಒಂದು ಮಾತೂ ಕೇಳಲಿಲ್ಲ. ನೀರು ಬಂತಾ ಅಪ್ಪ ಎಂದಳು, ಅಮ್ಮನಿಗೆ ಕೊಡಿ ಎಂದಳು.

ನಾನು ಮಿಲಿಟ್ರಿ ಟಾರ್ಚು ಹಿಡಿದು ಅಗೆಯುವುದನ್ನು ಕಾಕ ಮೂರು ವಾರದಿಂದ ಸಹಿಸಿಕೊಂಡಿದ್ದರು. ಇವತ್ತು ತಮ್ಮ ಹೆಂಡತಿ ಸೈನಬಕ್ಕನ ದೊಡ್ಡ ಕನ್ನಡಿ ತರಿಸಿ, ಸುರಂಗದ ಬಾಯಲ್ಲಿ ಕಾಂತಿಯ ಕೈಗೆ ಕೊಟ್ಟು, ಸೂರ್ಯನನ್ನು ಒಳಗೆ ಕಳಿಸಲು ಹೇಳಿದರು. ಬೆಳಕು ನೇರ ನನ್ನ ಮುಂದಿನ ಗೋಡೆಗೆ ಬಂದು ಬಿತ್ತು. ನೋಡಿದರೆ ನನ್ನ ಅಗೆತ ಒಂದು ಗೇಣು ಬಲಕ್ಕೆ ವಾಲಿದೆ. ನಾನು ಎರಡು ಸಲ ದಿಕ್ಸೂಚಿ ಇಟ್ಟು ಅಳೆದಿದ್ದೆ. ಡಾಕ್ಟರು ಬೀಡಿ ಬಿಡಿಸಿದ ಬಾಯಲ್ಲಿ ಕಾಕ ನಕ್ಕರು.

೧೨ ಮೇ, ಸೋಮವಾರ

ಹವೆ: ಸೆಕೆ, ಪಶ್ಚಿಮದಲ್ಲಿ ಮೋಡ. ಅಗೆತ: ಒಂದು ಕೋಲು. ಒಟ್ಟು: ಹದಿನೇಳೂಕಾಲು. ಸಿಬ್ಬಂದಿ: ಒಬ್ಬ. ನೀರು: ಬಲಗೋಡೆಯಲ್ಲಿ ಜಿನುಗಿತ್ತು, ಸರಿಪಡಿಸಲಾಗಿದೆ.

ಇವತ್ತು ಪೂರ್ತಿ ನನ್ನದೇ ಆಡಳಿತ. ಕಾಕ ಎದೆ ತೋರಿಸಲು ಮಂಗಳೂರಿಗೆ ಹೋಗಿ ಮಗಳ ಮನೆಯಲ್ಲಿ ಉಳಿದಿದ್ದಾರೆ. ಕಾಂತಿಗೆ ಸಂಘದ ಮೀಟಿಂಗು. ಯಾರ ಉಪದೇಶವೂ ಇಲ್ಲದೆ ಒಬ್ಬನೇ ಅಗೆದೆ.

ಮಧ್ಯಾಹ್ನದ ಹೊತ್ತಿಗೆ ಬಲಗೋಡೆಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಅಂಗೈಯಷ್ಟು ಜಾಗ ಒದ್ದೆಯಾಗಿತ್ತು. ನೋಡುತ್ತಿದ್ದ ಹಾಗೆ ನೂಲಿನಂತೆ ಇಳಿಯತೊಡಗಿತು. ಲಡಾಖಿನಲ್ಲಿ ಇಂಥ ಒಂದು ನೂಲು ಒಂದು ಬೆಳಗಿನೊಳಗೆ ಮಂಜುಗಡ್ಡೆಯಾಗಿ ನಮ್ಮ ಗೋಡೆಯನ್ನೇ ಸೀಳಿತ್ತು. ತಡಮಾಡಲಿಲ್ಲ. ತಾರಸಿಯ ಬಿರುಕಿಗೆಂದು ಬಿ.ಸಿ. ರೋಡು ಪೇಟೆಯಿಂದ ತಂದಿಟ್ಟ, ಬೇಗ ಗಟ್ಟಿಯಾಗುವ ಸಿಮೆಂಟ್ ಇತ್ತು. ಬಿರುಕಿಗೆ ತೆಂಗಿನ ನಾರು ತುರುಕಿ, ಸಿಮೆಂಟ್ ಮೆತ್ತಿ, ಹತ್ತು ನಿಮಿಷ ಅಂಗೈ ಒತ್ತಿ ಹಿಡಿದೆ. ಒಂದು ತೊಟ್ಟೂ ಹೊರಗೆ ಬರಲಿಲ್ಲ. ಹಿಂದೆ ಇದೇ ಕೆಲಸಕ್ಕೆ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿದ್ದರು. ಇವತ್ತು ತಟ್ಟಲು ಯಾರೂ ಇರಲಿಲ್ಲ. ಕೈ ಇನ್ನೂ ಕಲಿತದ್ದನ್ನು ಮರೆತಿಲ್ಲ ಎಂದು ತುಂಬ ಸಂತೋಷವಾಯಿತು.

೧೩ ಮೇ, ಮಂಗಳವಾರ

ನಾನು ಕತ್ತೆ.

ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಕಾಂತಿ ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಗುಡ್ಡ ಹತ್ತಿ ಬರುತ್ತಿದ್ದಳು. ಪಾಪ, ಎಷ್ಟು ವರ್ಷದಿಂದ ಹೊರುತ್ತಿದ್ದಾಳೆ, ಒಮ್ಮೆ ನೀರು ಸಿಕ್ಕಿದರೆ ಸಾಕಿತ್ತು ಎಂದು ಯೋಚಿಸಿದೆ. ಯೋಚನೆ ಅಲ್ಲಿಗೇ ನಿಂತಿತು. ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಸುರಂಗಕ್ಕೆ ಓಡಿದೆ.

ಸಿಮೆಂಟ್ ಒಡೆದು ತೆಗೆದೆ. ನಾರು ಎಳೆದೆ. ಹಿಂದೆ ಒಣಮಣ್ಣು. ಒಂದು ಗಂಟೆ ಕಾದೆ. ಎರಡು ಗಂಟೆ ಕಾದೆ. ಒತ್ತಿ ಹಿಡಿದ ನೀರು ಸುಮ್ಮನೆ ಕೂತಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಇದನ್ನು ನಾನೇ ಹೊಸ ಹುಡುಗರಿಗೆ ಹದಿನೈದು ವರ್ಷ ಪಾಠ ಮಾಡಿದ್ದೇನೆ.

೧೪ ಮೇ, ಬುಧವಾರ

ಕಾಕ ಬಂದರು. ಸುರಂಗದ ಬಾಯಲ್ಲೂ ಕೂರಬಾರದು ಎಂದು ಡಾಕ್ಟರ ಅಪ್ಪಣೆ ಆಗಿದೆಯಂತೆ. ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡು ಅದೇ ಕುರ್ಚಿಯಲ್ಲಿ ಕೂತರು. ಹೊಸ ಮಣ್ಣನ್ನು ಒಂದು ಹಿಡಿ ತರಿಸಿ ಮೂಸಿದರು, ನಾಲಿಗೆಗೆ ಇಟ್ಟರು. "ಇಷ್ಟು ಹೊತ್ತಿಗೆ ಬರ್ಬೇಕಿತ್ತಲ್ಲ," ಎಂದರು. ಬಲಗಡೆ ನೋಡು ಎಂದರು. ನೋಡಿ ಬಂದು, ಇಲ್ಲ ಎಂದೆ. ಸುಳ್ಳಲ್ಲ. ನಾನು ನೋಡುವಾಗ ಇರಲಿಲ್ಲ.

ಹೇಳಿಬಿಡಬೇಕು ಎಂದು ಮೂರು ಸಲ ಹತ್ತಿರ ಹೋದೆ. ಐವತ್ತೊಂಬತ್ತು ಸುರಂಗ ತೋಡಿದವರ ಎದುರು ನಿಂತು ನೀರು ಕಂಡೆ, ಮುಚ್ಚಿದೆ ಎಂದು ಹೇಗೆ ಹೇಳುವುದು? ಪೇಟೆಗೆ ಗೊತ್ತಾದರೆ ನಿತ್ಯಾನಂದ ಕೊಟ್ಟ ಗೋಳಿಬಜೆಯನ್ನು ವಾಪಸು ಕೇಳುತ್ತಾನೆ.

೧೫ ಮೇ, ಗುರುವಾರ

ಮುಕ್ಕಾಲು ಕೋಲು. ಒಣ. ಕಾಕ ಇವತ್ತು ಊಟ ಮುಟ್ಟಲಿಲ್ಲ. ಸೈನಬಕ್ಕ ಕಳಿಸಿದ ಅಕ್ಕಿರೊಟ್ಟಿ, ಕೋಳಿಸಾರು ಹಾಗೇ ತಣ್ಣಗಾಗಿ ಕೂತಿತ್ತು.

೧೬ ಮೇ, ಶುಕ್ರವಾರ

ಜುಮ್ಮಾ ಮುಗಿಸಿ ಕಾಕ ಬಂದರು. ಮಸೀದಿಯ ಎದುರು ವಿಟ್ಲದ ಇಬ್ಬರು ಕಾಯುತ್ತಿದ್ದರಂತೆ, ತಮ್ಮ ಗುಡ್ಡಕ್ಕೆ ಬಂದು ಜಾಗ ತೋರಿಸಿಕೊಡಿ ಎಂದು ಕೇಳಲು. ಕಾಕ ಅವರನ್ನು ವಾಪಸು ಕಳಿಸಿದ್ದಾರೆ.

ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು.

"ಮೂಗು ಹೋಯ್ತು ಲೋಕು," ಎಂದರು. "ಇಲ್ಲಿ ನೀರುಂಟು ಅಂತ ನನಗೆ ಈಗಲೂ ವಾಸನೆ ಬರ್ತದೆ. ಆದ್ರೆ ನೀರಿಲ್ಲ. ಇಲ್ಲದ್ದರ ವಾಸನೆ ಬರ್ಲಿಕ್ಕೆ ಶುರುವಾದ್ರೆ ಮತ್ತೆ ಇನ್ನೊಬ್ಬರಿಗೆ ಜಾಗ ತೋರಿಸ್ಬಾರದು. ಅವರ ಬೆವರು ಹಾಳು."

ಅವರು ಸಿಟ್ಟಿನಲ್ಲಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ, ನನಗೆ ಸಮಾಧಾನ ಹೇಳುವವರಂತೆ ಹೇಳಿದರು. ನನ್ನ ಮಾನ ಉಳಿಸಿಕೊಳ್ಳಲು ಆ ಮುದುಕರ ಮೂಗನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ ಅನ್ನಿಸಿತು. ಆದರೂ ಬಾಯಿ ತೆರೆಯಲಿಲ್ಲ. ಶತ್ರುವಿನ ಎದುರು ಅಂಜದವನು ಎಂದು ನನ್ನ ಸರ್ಟಿಫಿಕೇಟಿನಲ್ಲಿ ಬರೆದಿದೆ.

ಊಟದ ಹೊತ್ತಿಗೆ ಕಾಂತಿ ಒಂದು ಬೂದು ಚೂರನ್ನು ನನ್ನ ಬಾಳೆಲೆಯ ಪಕ್ಕ ಇಟ್ಟಳು. ಮೊನ್ನೆ ಹೊತ್ತ ಮಣ್ಣಿನಲ್ಲಿ ಸಿಕ್ಕಿತಂತೆ. "ಗುಡ್ಡದ ಹೊಟ್ಟೆಯಲ್ಲಿ ಸಿಮೆಂಟ್ ಹೇಗೆ ಬಂತು ಅಂತ ನಾನು ಕೇಳುವುದಿಲ್ಲ," ಎಂದಳು. "ಕಾಕನಿಗೆ ನೀವೇ ಹೇಳಿ. ನಾಳೆ ಬೆಳಿಗ್ಗೆಯೇ ಹೇಳಿ. ನಾನು ಕೆಳಗೆ ನೀರಿಗೆ ಹೋದಾಗ ಸೈನಬಕ್ಕನ ಮುಖ ನೋಡ್ಲಿಕ್ಕೆ ಆಗುವುದಿಲ್ಲ."

ಇವಳಿಗೆ ಎರಡು ದಿನದಿಂದ ಗೊತ್ತಿತ್ತು.

೧೭ ಮೇ, ಶನಿವಾರ

ಬೆಳಿಗ್ಗೆ ಏಳಕ್ಕೆ ಕೆಳಗೆ ಇಳಿದೆ. ಕಾಕ ಜಗಲಿಯಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡ ವಾಕ್ಯಗಳೆಲ್ಲ ಮರೆತುಹೋದವು. ಸಾಹೇಬರಿಗೆ ವರದಿ ಒಪ್ಪಿಸುವವನ ಹಾಗೆ ಹಿಮ್ಮಡಿ ಕೂಡಿಸಿ ನಿಂತು, ಹನ್ನೆರಡನೇ ತಾರೀಕು ಮಧ್ಯಾಹ್ನ ಹದಿನೇಳನೇ ಕೋಲಿನಲ್ಲಿ ನೀರು ಬಂದಿತ್ತು, ನಾನು ಸಿಮೆಂಟ್ ಹಾಕಿ ಮುಚ್ಚಿದೆ ಎಂದೆ.

ಕಾಕ ನನ್ನತ್ತ ತಿರುಗಿ ಕೂತರು.

"ಬಲಗಡೆಯಾ?"

"ಬಲಗಡೆ."

"ಎಷ್ಟು ಇತ್ತು?"

"ನೂಲಿನಷ್ಟು."

ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಸೈನಬಕ್ಕ ಒಳಗಿಂದ ನೀರಿನ ಚೊಂಬು ಹಿಡಿದು ಓಡಿ ಬಂದರು. ಇತ್ತಂತೆ, ಬಲಗಡೆಯೇ ಇತ್ತಂತೆ ಎಂದು ಕಾಕ ಅವರಿಗೆ ಎರಡೆರಡು ಸಲ ಹೇಳಿದರು. ಆಮೇಲೆ ಕಣ್ಣೊರೆಸಿಕೊಂಡು ನನಗೆ ಹೇಳಿದರು, "ನೀರು ಸಿಗದೆ ಅತ್ತವರನ್ನು ನೋಡಿದ್ದೇನೆ ಮಾರಾಯ. ಬಂದ ನೀರಿನ ಮುಖಕ್ಕೆ ಬಾಗಿಲು ಹಾಕಿದವನನ್ನು ನೋಡಿದ್ದು ಇದೇ ಮೊದಲು."

ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಬೈಯಲಿಲ್ಲ. ಸೈನಬಕ್ಕನೇ ಅವರ ಪರವಾಗಿಯೂ ಸೇರಿಸಿ ಬೈದರು, ಆಮೇಲೆ ಚಹಾ ಕೊಟ್ಟರು. ಇಷ್ಟು ಹಗುರವಾಗಿ ಎಷ್ಟೋ ದಿನದಿಂದ ಉಸಿರಾಡಿರಲಿಲ್ಲ.

ಚಹಾ ಮುಗಿಯುವಷ್ಟರಲ್ಲಿ ಕಾಕ ಗಂಭೀರರಾದರು. ನೀರು ಎಲ್ಲೋ ತಿರುಗಿದೆ, ದೂರ ಹೋಗಿರಲಿಕ್ಕಿಲ್ಲ. ಆದರೆ ಆಕಾಶ ಕಪ್ಪಾಗುತ್ತಿದೆ, ಹೆಚ್ಚೆಂದರೆ ಮೂರು ದಿನ. ಕಂಡಕಂಡಲ್ಲಿ ಅಗೆದು ನೋಡಲು ಸಮಯವಿಲ್ಲ. ನಾನೇ ಒಳಗೆ ಹೋಗಿ ನೋಡುತ್ತೇನೆ ಎಂದು ಎದ್ದರು. ಸೈನಬಕ್ಕ ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟು ನಿಂತರು. ಆ ಚೆಕ್‌ಪೋಸ್ಟ್ ದಾಟಲು ಯಾವ ಸೇನೆಗೂ ಆಗದು.

"ನಿನಗೆ ಅಲ್ಲಿ ಮುಚ್ಚುವುದು ಮಾತ್ರ ಕಲಿಸಿದ್ದಾ? ಬೇರೆ ಏನಾದ್ರೂ ಉಂಟಾ?" ಎಂದು ಕಾಕ ಕೂತಲ್ಲಿಂದ ಕೇಳಿದರು.

ಕಿವಿಗೊಡುವುದು ಕಲಿಸಿದ್ದಾರೆ ಎಂದೆ. ವಿವರಿಸಿದೆ. ಕಾಕ ಕುರ್ಚಿಯ ತುದಿಗೆ ಬಂದು ಕೂತು ಕೇಳಿದರು. ಲಡಾಖಿನ ಕಥೆಯನ್ನೂ ಯಾರೂ ಹೀಗೆ ಕೇಳಿರಲಿಲ್ಲ.

೧೮ ಮೇ, ಭಾನುವಾರ

ಜಮ್ಮುವಿನ ಗಡಿಯಲ್ಲಿ ಎರಡು ಚಳಿಗಾಲ ನನ್ನ ಕೆಲಸ ಇದೇ ಆಗಿತ್ತು. ಬೇಲಿಯ ಅಡಿಯಿಂದ ಆಚೆಯವರು ಸುರಂಗ ಕೊರೆದು ಬರುತ್ತಾರೆಂದು, ಆಳದ ಗುಂಡಿಯಲ್ಲಿ ಕೂತು ನೆಲಕ್ಕೆ ಕಿವಿಗೊಡುವುದು. ಕಬ್ಬಿಣದ ಸರಳಿನ ಒಂದು ತುದಿ ಮಣ್ಣಿಗೆ, ಇನ್ನೊಂದು ತುದಿ ಹಲ್ಲಿನ ನಡುವೆ, ಎರಡೂ ಕಿವಿಗೆ ಹತ್ತಿ. ಆಗ ಶಬ್ದ ತಲೆಬುರುಡೆಗೇ ಬರುತ್ತದೆ. ಒಂದು ಸಲ ಟಕ್ ಟಕ್ ಎಂದು ಕೇಳಿ ನಾನು ಇಡೀ ಠಾಣೆಯನ್ನು ಎಬ್ಬಿಸಿದ್ದೆ. ನೂರು ಜನ ಬಂದೂಕು ಹಿಡಿದು ಕಾದರು. ಬೆಳಗಾದ ಮೇಲೆ ನೋಡಿದರೆ ಆಚೆ ಬದಿಯ ಯಾವನೋ ರೈತ ಗದ್ದೆಗೆ ಪಂಪು ಹಾಕಿದ್ದ. ಅವನಿಗೂ ನೀರು ಬೇಕಿತ್ತು, ಪಾಪ.

ಇವತ್ತು ಅದೇ ಸರಳು, ಅದೇ ಹತ್ತಿ. ಕಾಕ ಮನೆಮನೆಗೆ ಹೇಳಿ ಕಳಿಸಿ ಗುಡ್ಡದ ಬುಡದ ಮಿಕ್ಸಿ, ಪಂಪು ಎಲ್ಲ ನಿಲ್ಲಿಸಿದ್ದರು. ದೀಪ ಆರಿಸಿ ಹದಿನೇಳನೇ ಕೋಲಿನಲ್ಲಿ ಮಲಗಿದೆ. ಮೊದಲು ಕೇಳಿದ್ದು ನನ್ನದೇ ಎದೆಬಡಿತ. ಆಮೇಲೆ ಸಣ್ಣಗೆ ಕಿಣಿಕಿಣಿ. ಬಹಳ ಹೊತ್ತು ಅದೇನೆಂದು ತಿಳಿಯಲಿಲ್ಲ. ಮತ್ತೆ ಗೊತ್ತಾಯಿತು, ಸುರಂಗದ ಬಾಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಕಾಂತಿಯ ಬಳೆ. ಹದಿನೇಳು ಕೋಲು ದೂರದಿಂದ ಅವಳು ಕೈ ಬದಲಿಸಿದ್ದು ನನಗೆ ಕೇಳುತ್ತಿತ್ತು. ಬಳೆ ತೆಗೆದಿಡು ಎಂದು ಕೂಗಿ ಹೇಳಬೇಕಿತ್ತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ.

ಬಲಗೋಡೆ: ಏನೂ ಇಲ್ಲ. ಎದುರು: ಇಲ್ಲ. ಎರಡನೇ ಗಂಟೆಯಲ್ಲಿ ಸರಳನ್ನು ಎಡಗಡೆ, ನೆಲಕ್ಕೆ ತಾಗಿಸಿ ಊರಿದೆ. ಟಿಕ್. ಉಸಿರು ಹಿಡಿದೆ. ಟಿಕ್, ಟಿಕ್. ಒಂದು ಗೇಣು ಆಚೆ ಸರಿಸಿದರೆ ಇನ್ನೂ ಸ್ಪಷ್ಟ. ಇಪ್ಪತ್ತನಾಲ್ಕು ವರ್ಷ ನೆಲದಡಿಯ ಸದ್ದೆಂದರೆ ಭಯವೇ. ಇವತ್ತು ಮಣ್ಣಿನಲ್ಲಿ ಬಿದ್ದುಕೊಂಡು, ಸರಳು ಕಚ್ಚಿಕೊಂಡು, ಒಬ್ಬನೇ ನಕ್ಕೆ. ಎದ್ದು ಹೋಗಿ ಹೇಳುವ ಅವಸರವೂ ಆಗಲಿಲ್ಲ, ಇನ್ನೂ ಸ್ವಲ್ಪ ಕೇಳುತ್ತಾ ಮಲಗಿದೆ.

ಹೊರಗೆ ಬಂದು ಎಡಗಡೆ, ಕೆಳಗೆ ಎಂದೆ. ಕಾಕ ನನ್ನ ಮಾತಿಗೆ ಮರುಮಾತಾಡಲಿಲ್ಲ. ಎಡಕ್ಕೆ ತಿರುಗಿಸು ಎಂದರು, ಅಷ್ಟೇ.

೧೯ ಮೇ, ಸೋಮವಾರ

ಎಡಕ್ಕೆ ಒಂದೂಕಾಲು ಕೋಲು. ಕೆಂಪು ಮುರಕಲ್ಲು ಮುಗಿದು ಬಿಳಿಯ ಸೇಡಿಮಣ್ಣು ಸಿಕ್ಕಿದೆ. ನೀರು ಹತ್ತಿರ ಎಂಬುದಕ್ಕೆ ಗುರುತು, ಮೇಲಿಂದ ಜಾರಿ ಬೀಳುವುದಕ್ಕೂ ಅದೇ ಗುರುತು. ಮರದ ಆಧಾರ ಕೊಡಬೇಕೆಂದು ನಾನು, ಮೇಲ್ಭಾಗವನ್ನು ಗುಂಡಗೆ ಕೆತ್ತಿದರೆ ಸಾಕೆಂದು ಕಾಕ. ಎರಡನ್ನೂ ಮಾಡುವ ಎಂದಳು ಕಾಂತಿ. ಎರಡನ್ನೂ ಮಾಡಿದೆವು.

ಮಧ್ಯಾಹ್ನದ ಮೇಲೆ ನನ್ನ ತೋಳು ಏಳಲಿಲ್ಲ. ಕಾಂತಿ ಪಿಕ್ಕಾಸು ಕೇಳಿದಳು, ನಾನು ಬುಟ್ಟಿ ಹೊತ್ತೆ. ಅವಳ ಏಟು ನನ್ನದಕ್ಕಿಂತ ಸಣ್ಣದು, ಆದರೆ ಹೇಳಿದಲ್ಲಿಗೇ ಬೀಳುತ್ತದೆ. ಮೊದಲೇ ಕೊಡಬಹುದಿತ್ತಲ್ಲ ಎಂದೆ. ಮೊದಲೇ ಕೇಳಬಹುದಿತ್ತಲ್ಲ ಎಂದಳು.

ಸಂಜೆ ಗುಡುಗು. ನಾಳೆಯೊಂದು ದಿನ ಎಂದು ಕಾಕ ಆಕಾಶಕ್ಕೆ ಹೇಳಿದ ಹಾಗೆ ಹೇಳಿ ಹೋದರು.

೨೦ ಮೇ, ಮಂಗಳವಾರ

ಫೋನು ಅಕ್ಕಿಡಬ್ಬದಲ್ಲಿದೆ. ಗೇರು ಮರದಿಂದ ಬಿಚ್ಚಲು ಮರೆತು ಮಳೆಯಲ್ಲಿ ಪೂರ್ತಿ ನೆನೆದಿದೆ. ಅಕ್ಕಿಯಲ್ಲಿ ಹುಗಿದಿಟ್ಟರೆ ಸರಿಯಾಗುತ್ತದಂತೆ. ಆದಾಗ ನೋಡುವ. ಅವಸರವೇನಿಲ್ಲ.

ನೀರು ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಮಳೆ ಬಂದದ್ದು ಆಮೇಲೆ, ಎರಡೂವರೆಗೆ. ಇದನ್ನು ಸರಿಯಾಗಿ ಬರೆದಿಡಬೇಕು, ನಾಳೆ ಪೇಟೆಯಲ್ಲಿ ಕೇಳುತ್ತಾರೆ.

ನಾನು ಮತ್ತು ಕಾಂತಿ ಸರದಿಯಲ್ಲಿ ಅಗೆಯುತ್ತಿದ್ದೆವು. ನನ್ನ ಒಂದು ಏಟಿಗೆ ಸೇಡಿಮಣ್ಣಿನ ದೊಡ್ಡ ಹೆಂಟೆ ಕಳಚಿ ಕಾಲ ಮೇಲೆ ಬಿತ್ತು, ಅದರ ಹಿಂದೆಯೇ ತಣ್ಣಗೆ ಏನೋ ಪಾದ ಮುಟ್ಟಿತು. ನೂಲಲ್ಲ, ನನ್ನ ಹೆಬ್ಬೆರಳಿನಷ್ಟು ದಪ್ಪ. ಅರೆಕ್ಷಣ ನನ್ನ ಅಂಗೈ ತಾನಾಗಿ ಅದನ್ನು ಒತ್ತಿ ಹಿಡಿಯಲು ಹೋಯಿತು. ಕಾಂತಿ ಕೈ ಹಿಡಿದು ಎಳೆದಳು. ಆಮೇಲೆ ಅವಳು ನೈಟಿಯ ಮೇಲೆ ಹಾಕಿಕೊಂಡಿದ್ದ ನನ್ನ ಹಳೆಯ ಮಿಲಿಟ್ರಿ ಶರ್ಟಿನ ಸಮೇತ ಆ ನೀರಿನಲ್ಲಿ ಕೂತುಬಿಟ್ಟಳು. ಆರು ವರ್ಷದ ಕೊಡಪಾನಗಳೆಲ್ಲ ಒಟ್ಟಿಗೆ ನೆನಪಾದವೋ ಏನೋ, ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಅವಳು ಅಳುವುದನ್ನು ನಾನು ಈ ಹಿಂದೆ ನೋಡಿಯೇ ಇರಲಿಲ್ಲ. ರಜೆ ಮುಗಿಸಿ ಹೊರಡುವಾಗ ಅವಳು ನನ್ನನ್ನು ಬಸ್ಸು ಹತ್ತಿಸಿ ತಿರುಗಿ ಹೋಗುತ್ತಿದ್ದಳು. ಅಳುತ್ತಿದ್ದದ್ದು ಆಮೇಲೆ ಎಂದು ಇವತ್ತು ಹೇಳಿದಳು.

ನಾವು ಹೊರಗೆ ಬರುವ ಮೊದಲೇ ನೀರು ಹೊರಗೆ ಹೋಗಿ ಸುದ್ದಿ ಮುಟ್ಟಿಸಿತ್ತು. ಕಾಕ ಚಪ್ಪಲಿ ಬಿಚ್ಚಿ ಅದರಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಸೈನಬಕ್ಕ ಹೊಸ ಕೊಡಪಾನ ತಂದಿದ್ದರು. ಮೊದಲ ಕೊಡ ನೀರನ್ನು ಮನೆಯವರು ತುಂಬಿ ತೋಡಿದ ಮೇಸ್ತ್ರಿಗೆ ಕೊಡಬೇಕು, ಅವರು ಕುಡಿದು ಇದು ಎಷ್ಟನೆಯದೆಂದು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆಯೇ ಸುರಂಗ ಲೆಕ್ಕಕ್ಕೆ ಸೇರುವುದು. ಕಾಕ ಐವತ್ತೊಂಬತ್ತು ಸಲ ಹೇಳಿದ ಮಾತು.

ನಾನು ತುಂಬಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಒಳಗೆ ಹೋದವರು ಯಾರು?" ಎಂದರು.

"ಇದು ನಿಮ್ಮ ಅರವತ್ತನೆಯದು ಕಾಕ. ಜಾಗ ಹೇಳಿದ್ದು ನೀವು. ಬಲಗಡೆ ಅಂದದ್ದು ನೀವು. ನಾನು ಹಾಳು ಮಾಡಿದ್ದು."

"ಹಾಳು ಮಾಡಿದವನೇ ಸರಿ ಮಾಡಿದ್ದು. ನನ್ನ ಕಾಲಿಗೆ ಇದರ ಒಳಗಿನ ಮಣ್ಣು ತಾಗ್ಲಿಲ್ಲ. ಮಣ್ಣು ತಾಗದ್ದನ್ನು ನಾನು ಹೇಗೆ ಎಣಿಸುವುದು? ಇದು ನಿಮ್ಮಿಬ್ಬರ ಒಂದನೆಯದು. ಕುಡಿಯಿರಿ, ಹೇಳಿ."

ನಾನು ಕೊಡವನ್ನು ಕಾಂತಿಗೆ ಕೊಟ್ಟೆ. ಅವಳು ಎತ್ತಿ ಕುಡಿದಳು, ಆಮೇಲೆ ನಾನು. ಮಣ್ಣಿನ ರುಚಿ ಇತ್ತು, ಸಿಹಿಯೂ ಇತ್ತು. ಒಂದು ಎಂದೆ. ಗಟ್ಟಿಯಾಗಿ ಎಂದರು ಕಾಕ. ಪರೇಡ್ ಮೈದಾನದಲ್ಲಿ ಇನ್ನೂರು ಜನರಿಗೆ ಕೇಳುವಂತೆ ಕೂಗಿದ ಗಂಟಲು ಇದು, ಇವತ್ತು ಅರ್ಧದಲ್ಲೇ ಒಡೆಯಿತು. ಉಳಿದರ್ಧವನ್ನು ಕಾಂತಿ ಹೇಳಿದಳು.

ನನಗೆ ಸಂತೋಷ, ಜೊತೆಗೆ ಸಂಕಟ. ಅರವತ್ತು ಮಾಡಿ ನಿಲ್ಲಿಸುತ್ತೇನೆ ಎಂದು ಊರಿಗೆಲ್ಲ ಹೇಳಿದ ಮನುಷ್ಯ. ಇನ್ನು ಸುರಂಗದೊಳಗೆ ಹೋಗಲು ಡಾಕ್ಟರು ಬಿಡುವುದಿಲ್ಲ, ಸೈನಬಕ್ಕ ಮೊದಲೇ ಬಿಡುವುದಿಲ್ಲ. ನಾನು ಕೇಳಲಾರದ್ದನ್ನು ಕಾಂತಿಯೇ ಕೇಳಿದಳು. "ಹಾಗಾದ್ರೆ ನಿಮ್ಮ ಅರವತ್ತು ಯಾವಾಗ ಆಗುವುದು ಕಾಕ?"

"ಅದೇ ಅಲ್ವಾ," ಎಂದರು ಕಾಕ, ನೀರಿನಲ್ಲಿ ಕಾಲಾಡಿಸುತ್ತಾ. "ಆಗುವವರೆಗೆ ನಾನು ನಿಲ್ಲಿಸುವ ಹಾಗಿಲ್ಲ. ವಿಟ್ಲದವರಿಗೆ ಹೇಳು ಲೋಕು, ಗುರುವಾರ ನಾವು ಮೂವರೂ ಜಾಗ ನೋಡ್ಲಿಕ್ಕೆ ಬರ್ತೇವೆ."

ಕಾಕ ಎದ್ದದ್ದೇ ಸೈನಬಕ್ಕ ಆ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು, ಗುರುವಾರ ಇದೂ ಬರಲಿ, ಆದರೆ ಸುರಂಗದ ಬಾಯಿಂದ ದೂರ ಎಂದು ಗುಡ್ಡ ಇಳಿದು ಹೋದರು.